ಕಬ್ಬಿಣ-ರಂಜಕದ ಅಮಾರ್ಫಸ್ ಮಿಶ್ರಲೋಹ: ಮಾಡುವ ವಿಧಾನ ಬದಲಾದರೆ ಒಳಗಿನ ಜೋಡಣೆಯೂ ಬದಲಾಗುತ್ತಾ? ಹಂತ ಹಂತವಾಗಿ ಪರೀಕ್ಷಿಸುವ ಬಗೆ

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಎಂ.ಎಸ್ಸಿ. ಮಾಡುವವರು, ಇಂಜಿನಿಯರಿಂಗ್‌ನಲ್ಲಿ ಮೆಟೀರಿಯಲ್ಸ್ ಪ್ರಾಜೆಕ್ಟ್ ತಗೊಂಡವರು ತುಂಬಾ ಜನ ಅಮಾರ್ಫಸ್ ಲೋಹಕ್ಕೆ, ಅಂದರೆ ಪರಮಾಣುಗಳು ಹರಳಿನಂತೆ ಸಾಲಾಗಿ ಕೂರದ ಲೋಹಕ್ಕೆ, ಕೈ ಹಾಕುತ್ತಾರೆ. ಒಂದು ಎಕ್ಸ್‌ಆರ್‌ಡಿ (ಎಕ್ಸ್‌ರೇ ಯಾವ ಕೋನಕ್ಕೆ ಎಷ್ಟು ಚದುರುತ್ತದೆ ಅನ್ನುವ ಅಳತೆ) ತೆಗೆಸುತ್ತಾರೆ. ಚೂಪು ಪೀಕ್ ಬದಲು ಅಗಲವಾದ ಒಂದು ಉಬ್ಬು ಕಂಡರೆ "ಅಮಾರ್ಫಸ್ ಆಗಿದೆ" ಅಂತ ಬರೆದು ಮುಗಿಸುತ್ತಾರೆ. ಆದರೆ ನಿಜವಾದ ಪ್ರಶ್ನೆ ಅಲ್ಲಿಂದಾಚೆಗೆ ಶುರುವಾಗುತ್ತದೆ. ನೂರು ಪರಮಾಣುಗಳಲ್ಲಿ 80 ಕಬ್ಬಿಣ, 20 ರಂಜಕ ಇರುವ ಲೋಹವನ್ನು ದ್ರಾವಣದಲ್ಲಿ ಕರೆಂಟ್ ಹಾಯಿಸಿ ಲೇಪಿಸಿದರೂ (ಪ್ಲೇಟಿಂಗ್), ಕರಗಿಸಿ ಥಟ್ಟನೆ ತಣಿಸಿದರೂ, ನಿರ್ವಾತದಲ್ಲಿ ಸ್ಪಟರ್ ಮಾಡಿದರೂ (ಅಯಾನುಗಳಿಂದ ಹೊಡೆದು ಪರಮಾಣು ಎಬ್ಬಿಸಿ ಕೂರಿಸಿದರೂ) ಎಕ್ಸ್‌ಆರ್‌ಡಿಯಲ್ಲಿ ಹೆಚ್ಚುಕಡಿಮೆ ಅದೇ ಉಬ್ಬು ಬರುತ್ತದೆ. ಹಾಗಾದರೆ ಮೂರೂ ಒಂದೇನಾ?

ನನ್ನ ಉತ್ತರ ಇಷ್ಟು. ಒಂದು ಪರಮಾಣುವಿನ ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದು ಮೂರರಲ್ಲೂ ಬಹುಮಟ್ಟಿಗೆ ಒಂದೇ. ವ್ಯತ್ಯಾಸ ಇರುವುದು ಅದರಾಚೆಗೆ: ಖಾಲಿ ಜಾಗ ಹೇಗೆ ಹಂಚಿಕೊಂಡಿದೆ, ಹೈಡ್ರೋಜನ್ ಎಷ್ಟು ಸೇರಿಕೊಂಡಿದೆ, ರಂಜಕ ಎಲ್ಲ ಕಡೆ ಸಮವಾಗಿದೆಯಾ ಅನ್ನುವುದರಲ್ಲಿ. ಈ ಸಣ್ಣ ವ್ಯತ್ಯಾಸ ಕಾಣಬೇಕಾದರೆ ಹೋಲಿಕೆ ನ್ಯಾಯವಾಗಿರಬೇಕು. ರಂಜಕ ಶೇ. 17 ಇರುವ ಒಂದು ಸ್ಯಾಂಪಲ್, ಶೇ. 22 ಇರುವ ಇನ್ನೊಂದು ಸ್ಯಾಂಪಲ್ ಇಟ್ಟುಕೊಂಡು "ವಿಧಾನದಿಂದ ವ್ಯತ್ಯಾಸ ಬಂತು" ಅಂದರೆ ಅದು ಹೋಲಿಕೆಯೇ ಅಲ್ಲ. ಈ ಬರಹದ ಎಲ್ಲ ಹಂತಗಳೂ ಆ ನ್ಯಾಯವಾದ ಹೋಲಿಕೆಗೆ ದಾರಿ ಮಾಡುವುದಕ್ಕೇ ಇವೆ.

ಶುರು ಮಾಡುವ ಮುಂಚೆ ತಲೆಯಲ್ಲಿರಬೇಕಾದದ್ದು

ಚನ್ನಗಿರಿ ಕಡೆ ಅಡಿಕೆ ಮೂಟೆ ನೋಡಿರುತ್ತೀರಲ್ವಾ. ಮೂಟೆಯೊಳಗೆ ಅಡಿಕೆ ಸಾಲಾಗಿ ಕೂತಿರುವುದಿಲ್ಲ. ಆದರೂ ಯಾವ ಅಡಿಕೆಯನ್ನು ಹಿಡಿದರೂ ಅದರ ಸುತ್ತ ಹತ್ತಿರ ಹತ್ತಿರ ಹನ್ನೆರಡು ಅಡಿಕೆ ಒತ್ತಿಕೊಂಡಿರುತ್ತವೆ. ಸುರಿದು ಹಾಗೇ ಬಿಟ್ಟ ಮೂಟೆಗೂ ಕುಲುಕಿ ಕುಲುಕಿ ತುಂಬಿದ ಮೂಟೆಗೂ ಪಕ್ಕದ ಅಡಿಕೆಗಳ ಲೆಕ್ಕ ಹೆಚ್ಚು ಬದಲಾಗುವುದಿಲ್ಲ, ಆದರೆ ಸಂದಿಗಳು ಬದಲಾಗುತ್ತವೆ. ಅಮಾರ್ಫಸ್ ಲೋಹವೂ ಹೀಗೇ. ಬ್ರಿಟನ್ನಿನ ಜೆ.ಡಿ. ಬರ್ನಾಲ್ ಉಕ್ಕಿನ ಗುಂಡುಗಳನ್ನು ಯದ್ವಾತದ್ವಾ ತುಂಬಿ, ಅವು ಜಾಗದ ಸುಮಾರು ಶೇ. 64ರಷ್ಟನ್ನು ಮಾತ್ರ ತುಂಬುತ್ತವೆ ಅಂತ ತೋರಿಸಿದ್ದು ಈ ವಿಷಯದ ಅಡಿಪಾಯ. ಆಮೇಲೆ ಡಿ.ಇ. ಪೋಲ್ಕ್, ದೊಡ್ಡ ಗುಂಡುಗಳ ನಡುವಿನ ಸಂದಿಯಲ್ಲಿ ರಂಜಕದಂಥ ಸಣ್ಣ ಪರಮಾಣು ಕೂರುತ್ತದೆ ಅಂತ ಸೂಚಿಸಿದರು.

ಆದರೆ ಬರೀ ಯದ್ವಾತದ್ವಾ ಅಂದರೆ ಪೂರ್ತಿ ಸರಿಯಲ್ಲ. ಕಬ್ಬಿಣ ಮತ್ತು ರಂಜಕದ ನಡುವೆ ಗಟ್ಟಿ ಸೆಳೆತ ಇದೆ. ಹರಳಾದ ಐರನ್ ಫಾಸ್ಫೈಡ್‌ನಲ್ಲಿ, ಅಂದರೆ ಮೂರು ಕಬ್ಬಿಣಕ್ಕೆ ಒಂದು ರಂಜಕ ಇರುವ ಹರಳಿನಲ್ಲಿ, ಒಂದೊಂದು ರಂಜಕದ ಸುತ್ತ ಒಂಬತ್ತು ಕಬ್ಬಿಣ ಇರುತ್ತವೆ. ಆರು ಕಬ್ಬಿಣ ಒಂದು ತ್ರಿಕೋನದ ಪಟ್ಟಕದ ಮೂಲೆಗಳಲ್ಲಿ, ಉಳಿದ ಮೂರು ಅದರ ಬದಿಗಳ ಎದುರು. ಇದೇ ಗೂಡು ಅಮಾರ್ಫಸ್ ಲೋಹದಲ್ಲೂ ಉಳಿದಿರುತ್ತದೆ ಅಂತ 1979ರಲ್ಲಿ ಪಿ.ಎಚ್. ಗ್ಯಾಸ್ಕೆಲ್ ಒಂದು ಮಾದರಿ ಕೊಟ್ಟರು. ರಂಜಕ ರಂಜಕ ಪಕ್ಕ ಪಕ್ಕ ಕೂರುವುದಿಲ್ಲ ಅನ್ನುವುದನ್ನೂ ನೆನಪಿಡಿ. ಮುಂದೆ ಲೆಕ್ಕ ತಪ್ಪಿದರೆ ಇದೇ ನಿಮ್ಮನ್ನು ಎಚ್ಚರಿಸುತ್ತದೆ.

ಹಂತ 1: ಸಂಯೋಜನೆ ಗಟ್ಟಿ ಮಾಡಿಕೊಳ್ಳಿ

ಕಬ್ಬಿಣ-ರಂಜಕ ಮಿಶ್ರಣ ಅತಿ ಕಡಿಮೆ ಉಷ್ಣತೆಯಲ್ಲಿ ಕರಗುವುದು ರಂಜಕ ಸುಮಾರು 17 ಪರಮಾಣು ಶೇಕಡ ಇರುವಾಗ, 1050 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಕರಗಿಸಿ ತಣಿಸುವ ವಿಧಾನಕ್ಕೆ ಈ ಬಿಂದುವಿನ ಹತ್ತಿರದ ಸಣ್ಣ ಕಿಟಕಿ ಮಾತ್ರ ಸಿಗುತ್ತದೆ. ಪ್ಲೇಟಿಂಗ್‌ನಲ್ಲಿ ಇದಕ್ಕಿಂತ ಅಗಲವಾದ ವ್ಯಾಪ್ತಿ ಸಿಗುತ್ತದೆ. ಹಾಗಾಗಿ ನಿಮ್ಮ ಗುರಿಯನ್ನು ಕಷ್ಟದ ವಿಧಾನಕ್ಕೆ ತಕ್ಕಂತೆ ಇಟ್ಟುಕೊಳ್ಳಿ: 17ರಿಂದ 20ರೊಳಗೆ ಒಂದು ಅಂಕಿ. ಸುಲಭದ ವಿಧಾನವನ್ನು ಅಲ್ಲಿಗೆ ಎಳೆದು ತನ್ನಿ.

ಪರಮಾಣು ಶೇಕಡ, ತೂಕದ ಶೇಕಡ ಬೇರೆ ಬೇರೆ. ಕಬ್ಬಿಣದ ಪರಮಾಣು ತೂಕ 55.85, ರಂಜಕದ್ದು 30.97. 20 ಪರಮಾಣು ಶೇಕಡ ಅಂದರೆ ತೂಕದಲ್ಲಿ ಬರೀ 12.2 ಶೇಕಡ. ಹಳೇ ಪೇಪರ್‌ಗಳನ್ನು ಓದುವಾಗ ಯಾವುದರಲ್ಲಿ ಹೇಳಿದ್ದಾರೆ ಅಂತ ಮೊದಲು ನೋಡಿ.

ಹಂತ 2: ಪ್ಲೇಟಿಂಗ್ ಸ್ಯಾಂಪಲ್

ನಮ್ಮ ಊರಿನ ಯಾವುದೇ ಕಾಲೇಜಿನ ಲ್ಯಾಬಿನಲ್ಲಿ ಆಗುವ ವಿಧಾನ ಇದೊಂದೇ, ಅದಕ್ಕೆ ಇಲ್ಲಿ ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ. ಇದು ಹೊಸದೂ ಅಲ್ಲ. ಪೋಲ್ ಡುವೇಝ್ ತಂಡ ಕ್ಯಾಲ್ಟೆಕ್‌ನಲ್ಲಿ ಚಿನ್ನ-ಸಿಲಿಕಾನ್ ಕರಗಿಸಿ ತಣಿಸಿ ಲೋಹದ ಗಾಜು ಮಾಡಿದ್ದು 1960ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ, 1950ರಲ್ಲಿ, ಅಬ್ನರ್ ಬ್ರೆನ್ನರ್ ತಂಡ ನಿಕ್ಕಲ್-ರಂಜಕ, ಕೋಬಾಲ್ಟ್-ರಂಜಕ ಲೇಪನಗಳನ್ನು ಕರೆಂಟ್‌ನಿಂದ ಮಾಡಿ ಪ್ರಕಟಿಸಿತ್ತು.

ದ್ರಾವಣಕ್ಕೆ ಹೀಗೆ ಶುರು ಮಾಡಬಹುದು. ಒಂದು ಲೀಟರಿಗೆ ಫೆರಸ್ ಸಲ್ಫೇಟ್ ಸುಮಾರು 140 ಗ್ರಾಂ, ಸೋಡಿಯಂ ಹೈಪೋಫಾಸ್ಫೈಟ್ ಸುಮಾರು 10 ಗ್ರಾಂ, ಬೋರಿಕ್ ಆ್ಯಸಿಡ್ 30 ಗ್ರಾಂ, ಫೆರಸ್ ಕಬ್ಬಿಣ ಫೆರಿಕ್ ಆಗದಂತೆ ತಡೆಯಲು ಒಂದೆರಡು ಗ್ರಾಂ ಆಸ್ಕಾರ್ಬಿಕ್ ಆ್ಯಸಿಡ್. ಪಿಎಚ್ 2ರ ಹತ್ತಿರ, ಬಿಸಿ 50 ಡಿಗ್ರಿ. ಇದು ಆರಂಭದ ಅಳತೆ ಅಷ್ಟೇ, ನಿಮ್ಮ ರಂಜಕದ ಗುರಿ ಮುಟ್ಟುವವರೆಗೆ ಹೈಪೋಫಾಸ್ಫೈಟನ್ನೂ ಕರೆಂಟನ್ನೂ ತಿದ್ದುತ್ತಾ ಹೋಗಬೇಕು. ಸಾಮಾನ್ಯವಾಗಿ ಕರೆಂಟ್ ಜಾಸ್ತಿ ಮಾಡಿದರೆ ಲೇಪನದಲ್ಲಿ ರಂಜಕ ಕಡಿಮೆಯಾಗುತ್ತದೆ. ನೀರಿನಿಂದ ರಂಜಕ ಒಂದೇ ಬಂದು ಕೂರುವುದಿಲ್ಲ. ಕಬ್ಬಿಣದ ಜೊತೆಗೇ ಬರಬೇಕು.

ನೀರಿನ ವಿಷಯದಲ್ಲಿ ಸಡಿಲ ಬೇಡ. ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಎಷ್ಟೋ ಕಡೆ ಫ್ಲೋರೈಡ್ ಬೇರೆ. ಬೀಕರ್ ತೊಳೆಯುವುದಕ್ಕೂ ಕೊನೆಯ ಸುತ್ತು ಡಿಯಾನೈಸ್ಡ್ ನೀರೇ ಆಗಲಿ. ಬ್ಯಾಟರಿ ಅಂಗಡಿಯಿಂದ ತಂದ ನೀರಾದರೆ ಅದರ ಕಂಡಕ್ಟಿವಿಟಿ ಅಳೆದು ನೋಡಿ ಬಳಸಿ.

ಆನೋಡ್‌ಗೆ ಶುದ್ಧ ಕಬ್ಬಿಣದ ಪಟ್ಟಿ, ಅದಕ್ಕೆ ಬಟ್ಟೆಯ ಚೀಲ. ಕ್ಯಾಥೋಡ್‌ಗೆ ತಾಮ್ರ ಬೇಡ, ನಯವಾಗಿ ಪಾಲಿಶ್ ಮಾಡಿದ ಟೈಟಾನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ತಗೊಳ್ಳಿ. ಅದರಿಂದ ಹಾಳೆಯನ್ನು ಅಂಚಿನಲ್ಲಿ ಬ್ಲೇಡ್ ತಾಗಿಸಿ ಎಬ್ಬಿಸಬಹುದು. ತಾಮ್ರದ ಮೇಲೆ ಲೇಪಿಸಿದರೆ ಅದನ್ನು ಕರಗಿಸಿ ತೆಗೆಯಬೇಕು, ಆಗ ನಿಮ್ಮ ಲೇಪನದ ಮೈಯೂ ಹಾಳಾಗುತ್ತದೆ.

ದಪ್ಪದ ಲೆಕ್ಕ: ಒಂದು ಚದರ ಡೆಸಿಮೀಟರಿಗೆ 1 ಆಂಪಿಯರ್‌ನಂತೆ ಒಂದು ಗಂಟೆ ಕರೆಂಟ್ ಕೊಟ್ಟರೆ, ಎಲ್ಲ ಕರೆಂಟೂ ಕಬ್ಬಿಣಕ್ಕೇ ಹೋಗುವುದಾದರೆ, 1.04 ಗ್ರಾಂ ಕೂರುತ್ತದೆ, ಅಂದರೆ ಸುಮಾರು 13 ಮೈಕ್ರಾನ್. ಆದರೆ ಕರೆಂಟಿನ ಒಂದು ಪಾಲು ಹೈಡ್ರೋಜನ್ ಗುಳ್ಳೆಗೆ ಹೋಗುತ್ತದೆ. ತಟ್ಟೆಯನ್ನು ಮೊದಲೂ ಆಮೇಲೂ ತೂಗಿ, ನಿಜವಾಗಿ ಎಷ್ಟು ಕೂತಿದೆ ಅಂತ ನೋಡಿ. ದ್ರಾವಣವನ್ನು ಒಂದೇ ವೇಗದಲ್ಲಿ ಕಲಕುತ್ತಿರಿ. ಕ್ಯಾಥೋಡ್ ಪಕ್ಕದಲ್ಲೇ ಪಿಎಚ್ ಏರುತ್ತದೆ, ಕಲಕುವುದು ನಿಂತರೆ ರಂಜಕದ ಪ್ರಮಾಣ ಪದರ ಪದರವಾಗಿ ಏರಿಳಿಯುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ ಆ ಹಾಳೆಯನ್ನು ಬಿಟ್ಟುಬಿಡಿ. ಮತ್ತೆ ಶುರು ಮಾಡಿದ ಜಾಗದಲ್ಲಿ ಒಂದು ಗೆರೆ ಉಳಿದೇ ಉಳಿಯುತ್ತದೆ.

ಜೀವದ ವಿಷಯ ಒಂದು ಮಾತು. ಒಣ ಹೈಪೋಫಾಸ್ಫೈಟನ್ನು ಎಂದೂ ಕಾಯಿಸಬೇಡಿ. ಫಾಸ್ಫೀನ್ ಅನಿಲ ಬರುತ್ತದೆ, ಅದು ವಿಷ, ಬೆಂಕಿಯನ್ನೂ ಹಿಡಿಯುತ್ತದೆ. ಕೆಲಸ ಎಲ್ಲ ಫ್ಯೂಮ್ ಹುಡ್ ಒಳಗೇ ಮಾಡಿ, ಒಬ್ಬರೇ ಇರುವಾಗ ಮಾಡಬೇಡಿ.

ಹಂತ 3: ಬೇರೆ ವಿಧಾನದ ಸ್ಯಾಂಪಲ್‌ಗಳು

ಮೆಲ್ಟ್ ಸ್ಪಿನ್ನಿಂಗ್ ಅಂದರೆ ಕರಗಿದ ಲೋಹವನ್ನು ಜೋರಾಗಿ ತಿರುಗುವ ತಾಮ್ರದ ಗಾಲಿಯ ಮೇಲೆ ಚಿಮ್ಮಿಸುವುದು. ಗಾಲಿಯ ಅಂಚಿನ ವೇಗ ಸೆಕೆಂಡಿಗೆ 30-40 ಮೀಟರ್. ಲೋಹ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಡಿಗ್ರಿಯ ಲೆಕ್ಕದಲ್ಲಿ ತಣಿದು 20ರಿಂದ 40 ಮೈಕ್ರಾನ್ ದಪ್ಪದ ರಿಬ್ಬನ್ ಆಗಿ ಹಾರುತ್ತದೆ. ಇದಕ್ಕೆ ಬೆಂಗಳೂರಿನ ಐಐಎಸ್‌ಸಿಯಂಥ ಕಡೆ ಹೋಗಬೇಕಾಗುತ್ತದೆ. ಕೆಂಪು ರಂಜಕವನ್ನು ನೇರವಾಗಿ ಕುಲುಮೆಗೆ ಹಾಕಬೇಡಿ, ಅದು ಕಬ್ಬಿಣ ಕರಗುವುದಕ್ಕೆ ಬಹಳ ಮೊದಲೇ ಆವಿಯಾಗಿ ಹೋಗುತ್ತದೆ. ಮೊದಲೇ ಮಾಡಿದ ಐರನ್ ಫಾಸ್ಫೈಡ್ ತಂದು ಶುದ್ಧ ಕಬ್ಬಿಣದ ಜೊತೆ ಆರ್ಗಾನ್‌ನಲ್ಲಿ ಕರಗಿಸುವುದು ಸರಿ.

ಬರೀ ಕಬ್ಬಿಣ-ರಂಜಕವನ್ನು ಹೀಗೆ ಪೂರ್ತಿ ಅಮಾರ್ಫಸ್ ಮಾಡುವುದು ಕಷ್ಟ. ಅದಕ್ಕೇ ಡುವೇಝ್ ಮತ್ತು ಲಿನ್ 1967ರಲ್ಲಿ ಕಾಂತೀಯ ಲೋಹದ ಗಾಜು ಮಾಡಿದಾಗ ಇಂಗಾಲವನ್ನೂ ಸೇರಿಸಿದ್ದರು. ನೀವು ಇಂಗಾಲ ಅಥವಾ ಬೋರಾನ್ ಸೇರಿಸಿದರೆ ಅದು ಬೇರೆ ಲೋಹ, ಪ್ಲೇಟಿಂಗ್ ಸ್ಯಾಂಪಲ್ ಜೊತೆ ನೇರ ಹೋಲಿಕೆ ಬೇಡ. ರಿಬ್ಬನ್‌ಗೆ ಎರಡು ಮುಖ ಇವೆ. ಗಾಲಿಗೆ ತಾಗಿದ ಮುಖ ಮಾಸಲು, ಗಾಳಿಯ ಕಡೆಯದು ಹೊಳೆಯುತ್ತದೆ. ಗಾಳಿಯ ಮುಖ ನಿಧಾನ ತಣಿದಿರುತ್ತದೆ, ಹರಳು ಮೊದಲು ಕಾಣಿಸುವುದು ಸಾಮಾನ್ಯವಾಗಿ ಅಲ್ಲೇ. ಎರಡೂ ಮುಖ ಅಳೆಯಿರಿ.

ಸ್ಪಟರಿಂಗ್‌ನಲ್ಲಿ ಪರಮಾಣುಗಳು ಒಂದೊಂದಾಗಿ ಬಂದು ಕೂರುತ್ತವೆ. ಕಂಬ ಕಂಬವಾಗಿ ಬೆಳೆಯುತ್ತದೆ, ಕಂಬಗಳ ನಡುವೆ ಸಂದಿ, ಒಳಗೆ ಸ್ವಲ್ಪ ಆರ್ಗಾನ್. ಅಯಾನ್ ಇಂಪ್ಲಾಂಟೇಶನ್‌ನಲ್ಲಿ (ರಂಜಕದ ಅಯಾನುಗಳನ್ನು ಕಬ್ಬಿಣಕ್ಕೆ ಹೊಡೆದು ತೂರಿಸುವುದು) ಅಮಾರ್ಫಸ್ ಪದರ ಅತಿ ತೆಳು, ರಂಜಕವೂ ಆಳಕ್ಕೆ ತಕ್ಕಂತೆ ಬದಲಾಗುತ್ತಾ ಹೋಗುತ್ತದೆ, ಹಾಗಾಗಿ ಮೊದಲ ಪ್ರಾಜೆಕ್ಟಿಗೆ ಅದು ಬೇಡ. ಬಾಲ್ ಮಿಲ್ಲಿಂಗ್ (ಉಕ್ಕಿನ ಗುಂಡುಗಳ ಜೊತೆ ಪುಡಿಯನ್ನು ಅರೆಯುವುದು) ಬೇಡವೇ ಬೇಡ: ಗುಂಡುಗಳಿಂದಲೇ ಕಬ್ಬಿಣ ಸವೆದು ಬೆರೆಯುತ್ತದೆ, ಸಂಯೋಜನೆ ಕೈ ತಪ್ಪುತ್ತದೆ.

ಹಂತ 4: ರಂಜಕ ನಿಜವಾಗಿ ಎಷ್ಟಿದೆ

ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಜೊತೆಗಿರುವ ಇಡಿಎಕ್ಸ್ (ಎಕ್ಸ್‌ರೇಯಿಂದ ಧಾತು ಗುರುತಿಸುವ ಉಪಕರಣ) ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಸ್ಯಾಂಪಲನ್ನು ಕರಗಿಸಿ ಐಸಿಪಿ (ಪ್ಲಾಸ್ಮಾದಲ್ಲಿ ಧಾತುಗಳನ್ನು ಅಳೆಯುವ ವಿಧಾನ) ಮಾಡಿಸಿ, ಅಥವಾ ಮೊಲಿಬ್ಡೇಟ್ ಬಣ್ಣದ ವಿಧಾನದಲ್ಲಿ ಅಳೆಯಿರಿ. ಉಕ್ಕಿನ ಲ್ಯಾಬ್‌ಗಳಲ್ಲಿ ರಂಜಕ ಅಳೆಯುವುದಕ್ಕೆ ಇದೇ ಹಳೇ ನಂಬಿಕಸ್ಥ ದಾರಿ. ಆದರೆ ಬರೀ ಹೈಡ್ರೋಕ್ಲೋರಿಕ್ ಆ್ಯಸಿಡ್‌ನಲ್ಲಿ ಕರಗಿಸಿದರೆ ರಂಜಕದ ಒಂದು ಪಾಲು ಫಾಸ್ಫೀನ್ ಆಗಿ ಹಾರಿಹೋಗುತ್ತದೆ. ಅಳತೆಯೂ ಕಡಿಮೆ ಬರುತ್ತದೆ, ಉಸಿರಿಗೂ ಅಪಾಯ. ನೈಟ್ರಿಕ್ ಆ್ಯಸಿಡ್ ಇರುವ ಮಿಶ್ರಣದಲ್ಲೇ ಕರಗಿಸಿ, ಆಗ ರಂಜಕ ಫಾಸ್ಫೇಟ್ ಆಗಿ ದ್ರಾವಣದಲ್ಲೇ ಉಳಿಯುತ್ತದೆ. ಹಾಳೆಯ ಮಧ್ಯದಿಂದ ಒಂದು ತುಂಡು, ಅಂಚಿನಿಂದ ಒಂದು ತುಂಡು ತಗೊಳ್ಳಿ. ಅಂಚಿನಲ್ಲಿ ಕರೆಂಟ್ ದಟ್ಟವಾಗಿರುವುದರಿಂದ ಎರಡೂ ಒಂದೇ ಇರುವುದಿಲ್ಲ. ಅಂಚನ್ನು ಕತ್ತರಿಸಿ ತೆಗೆದು ಮಧ್ಯದ ಭಾಗವನ್ನೇ ಮುಂದಕ್ಕೆ ಬಳಸಿ. ಸಾಧ್ಯವಾದರೆ ಪ್ಲೇಟಿಂಗ್ ಸ್ಯಾಂಪಲ್‌ನ ಹೈಡ್ರೋಜನ್ನೂ ಅಳೆಸಿ.

ಹಂತ 5: ನಿಜಕ್ಕೂ ಅಮಾರ್ಫಸ್ಸೇ?

ಇಲ್ಲೊಂದು ಬಲೆ ಇದೆ. ತಾಮ್ರದ ಎಕ್ಸ್‌ರೇ ಟ್ಯೂಬಿನಲ್ಲಿ ಅಮಾರ್ಫಸ್ ಕಬ್ಬಿಣ-ರಂಜಕದ ಉಬ್ಬು ಬರುವುದು 45 ಡಿಗ್ರಿ ಹತ್ತಿರ. ಮಾಮೂಲಿ ಕಬ್ಬಿಣದ ಹರಳಿನ ಅತಿ ಬಲವಾದ ಪೀಕ್ ಬರುವುದು 44.7 ಡಿಗ್ರಿಯಲ್ಲಿ. ಅಂದರೆ ಒಳಗೆ ಸ್ವಲ್ಪ ಕಬ್ಬಿಣದ ಸಣ್ಣ ಹರಳು ಇದ್ದರೂ ಅದು ಉಬ್ಬಿನ ಅಡಿಯಲ್ಲೇ ಅಡಗಿ ಕೂರುತ್ತದೆ. 65 ಡಿಗ್ರಿ ಮತ್ತು 82 ಡಿಗ್ರಿ ಹತ್ತಿರ ನಿಧಾನವಾಗಿ ಸ್ಕ್ಯಾನ್ ಮಾಡಿ ಕಬ್ಬಿಣದ ಮುಂದಿನ ಪೀಕ್‌ಗಳು ಇವೆಯಾ ನೋಡಿ.

ಉಬ್ಬಿನ ಅಗಲವನ್ನು ಶೆರರ್ ಸೂತ್ರಕ್ಕೆ ಹಾಕಿ "ಹರಳಿನ ಗಾತ್ರ 1.3 ನ್ಯಾನೋಮೀಟರ್" ಅಂತ ಬರೆಯುವವರು ಇದ್ದಾರೆ. ಆರೂವರೆ ಡಿಗ್ರಿ ಅಗಲಕ್ಕೆ ಉತ್ತರ ಹಾಗೇ ಬರುತ್ತದೆ, ನಿಜ. ಆದರೆ ಅದು ಹರಳಿನ ಗಾತ್ರ ಅಲ್ಲ. ಜೋಡಣೆಯ ನೆನಪು ಎಷ್ಟು ದೂರದವರೆಗೆ ಉಳಿದಿದೆ ಅನ್ನುವುದರ ಅಂದಾಜು ಮಾತ್ರ.

ಡಿಎಸ್‌ಸಿ, ಅಂದರೆ ಬಿಸಿ ಮಾಡುತ್ತಾ ಶಾಖ ಅಳೆಯುವ ಪರೀಕ್ಷೆ, ಕೂಡ ಮಾಡಿಸಿ. ನಿಜವಾದ ಅಮಾರ್ಫಸ್ ಸ್ಯಾಂಪಲ್ 400 ಡಿಗ್ರಿ ಆಸುಪಾಸಿನಲ್ಲಿ ಶಾಖ ಬಿಟ್ಟು ಹರಳಾಗುತ್ತದೆ, ಕೊನೆಗೆ ಕಬ್ಬಿಣ ಮತ್ತು ಐರನ್ ಫಾಸ್ಫೈಡ್ ಉಳಿಯುತ್ತವೆ. ಬಿಟ್ಟ ಶಾಖ ಎರಡು ಸ್ಯಾಂಪಲ್‌ಗಳಲ್ಲಿ ತುಂಬಾ ಬೇರೆ ಬಂದರೆ, ಕಡಿಮೆ ಬಂದದ್ದರಲ್ಲಿ ಮೊದಲೇ ಹರಳು ಇದೆಯಾ ಅಂತ ಅನುಮಾನಪಡಿ.

ಹಂತ 6: ಎಕ್ಸ್‌ರೇಯಿಂದ ಪರಮಾಣುಗಳ ದೂರ ತೆಗೆಯುವುದು

ಇಡೀ ಕೆಲಸದ ಎದೆ ಇದು. ಇಲ್ಲಿ ಅವಸರ ಮಾಡಿದರೆ ಹಿಂದಿನ ಶ್ರಮ ಎಲ್ಲ ನೀರುಪಾಲು.

ಅಮಾರ್ಫಸ್ ಕಬ್ಬಿಣ-ರಂಜಕದಲ್ಲಿ ಕಬ್ಬಿಣ-ರಂಜಕದ ದೂರ ಸುಮಾರು 2.35 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ನ್ಯಾನೋಮೀಟರಿನ ಹತ್ತರಲ್ಲಿ ಒಂದು ಪಾಲು), ಕಬ್ಬಿಣ-ಕಬ್ಬಿಣದ ದೂರ ಸುಮಾರು 2.6. ನಡುವೆ ಬರೀ ಕಾಲು ಆಂಗ್‌ಸ್ಟ್ರಾಂ ಅಂತರ. ಇವೆರಡನ್ನು ಬಿಡಿಸಿ ನೋಡಲು ಎಷ್ಟು ದೊಡ್ಡ ಕೋನದವರೆಗೆ, ಎಷ್ಟು ಸಣ್ಣ ತರಂಗದಿಂದ ಅಳೆದಿದ್ದೀರಿ ಅನ್ನುವುದೇ ಮುಖ್ಯ. ಅಳತೆಯ ಗಡಿ ಕ್ಯೂ, ಅಂದರೆ 4 ಪೈ ಭಾಗಿಸು ತರಂಗದ ಉದ್ದ. ತಾಮ್ರದ ಟ್ಯೂಬಿಗೆ ಅದು 8.2, ಮೊಲಿಬ್ಡಿನಂಗೆ 17.7, ಬೆಳ್ಳಿಗೆ 22.5. ಬಿಡಿಸಿ ಕಾಣುವ ಕನಿಷ್ಠ ದೂರ ಸುಮಾರು ಪೈ ಭಾಗಿಸು ಈ ಕ್ಯೂ. ತಾಮ್ರದಲ್ಲಿ 0.38 ಆಂಗ್‌ಸ್ಟ್ರಾಂ ಬರುತ್ತದೆ, ಎರಡೂ ದೂರ ಒಂದೇ ಪೀಕ್‌ನಲ್ಲಿ ಬೆರೆತುಹೋಗುತ್ತವೆ. ಮೊಲಿಬ್ಡಿನಂನಲ್ಲಿ 0.18, ಆಗ ಎಡಗಡೆ ಭುಜದ ಹಾಗೆ ಕಬ್ಬಿಣ-ರಂಜಕ ಇಣುಕುತ್ತದೆ. ತಾಮ್ರದ ಟ್ಯೂಬಿನಲ್ಲಿ ಇನ್ನೊಂದು ತೊಂದರೆ: ಅದರ ಎಕ್ಸ್‌ರೇ ಶಕ್ತಿ 8.05 ಕಿಲೋ ಎಲೆಕ್ಟ್ರಾನ್ ವೋಲ್ಟ್, ಕಬ್ಬಿಣದ ಅಂಚು (ಕಬ್ಬಿಣ ಎಕ್ಸ್‌ರೇಯನ್ನು ಥಟ್ಟನೆ ಜಾಸ್ತಿ ಹೀರಲು ಶುರು ಮಾಡುವ ಶಕ್ತಿ) 7.11. ಹಾಗಾಗಿ ಕಬ್ಬಿಣವೇ ಬೆಳಗಿ ಹಿನ್ನೆಲೆ ಏರಿಬಿಡುತ್ತದೆ. ಮೊಲಿಬ್ಡಿನಂನಲ್ಲೂ ಕಬ್ಬಿಣ ಬೆಳಗುತ್ತದೆ, ಆದರೆ ಆ ಬೆಳಕಿನ ಶಕ್ತಿ ತುಂಬಾ ಕೆಳಗಿರುವುದರಿಂದ ಡಿಟೆಕ್ಟರ್ ಅದನ್ನು ಬೇರ್ಪಡಿಸಬಲ್ಲದು. ಸಾಮಾನ್ಯ ಲ್ಯಾಬಿನಲ್ಲಿ ಇರುವುದು ತಾಮ್ರದ್ದೇ. ಈ ಒಂದು ಅಳತೆಗಾಗಿ ಮೊಲಿಬ್ಡಿನಂ ಇರುವ ಕಡೆ ಹೋಗಿ ಬನ್ನಿ, ಹೋದದ್ದಕ್ಕೆ ಮೋಸವಿಲ್ಲ.

ದಪ್ಪವನ್ನೂ ಗಮನಿಸಿ. ಮೊಲಿಬ್ಡಿನಂ ಎಕ್ಸ್‌ರೇ ಈ ಲೋಹದಲ್ಲಿ ಸುಮಾರು 40 ಮೈಕ್ರಾನ್ ಹೋಗುವಷ್ಟರಲ್ಲಿ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಣ್ಣ ಕೋನದಲ್ಲಿ ಕಿರಣ ಓರೆಯಾಗಿ ಹೋಗುವುದರಿಂದ 25 ಮೈಕ್ರಾನ್ ಹಾಳೆ ಸಾಕು, ಆದರೆ ದೊಡ್ಡ ಕೋನಕ್ಕೆ ಹೋದ ಹಾಗೆ ಕಿರಣ ಹಾಳೆಯನ್ನು ತೂರಿ ಹಿಂದಿನ ತಟ್ಟೆಗೆ ಹೊಡೆಯುತ್ತದೆ. ನಾಲ್ಕೈದು ಹಾಳೆಗಳನ್ನು ಒಂದರ ಮೇಲೊಂದು ಚಪ್ಪಟೆಯಾಗಿ ಜೋಡಿಸಿ. ಎಲ್ಲ ಸ್ಯಾಂಪಲ್‌ಗಳಿಗೂ ಒಟ್ಟು ದಪ್ಪ ಒಂದೇ ಇರಲಿ. ಸ್ಕ್ಯಾನ್ ಗಂಟೆಗಟ್ಟಲೆ ನಡೆಯಬೇಕು, ಯಾಕೆಂದರೆ ದೊಡ್ಡ ಕೋನದಲ್ಲಿ ಸಿಗ್ನಲ್ ತೀರಾ ಬಡವು. ಬೇಸಿಗೆಯಲ್ಲಿ ನಮ್ಮ ಕಡೆ ಅಳೆಯುವುದಾದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಅಂತ ಮೊದಲೇ ಕೇಳಿ. ಒಂದೇ ಉದ್ದ ಸ್ಕ್ಯಾನ್ ಬದಲು ಸಣ್ಣ ಸಣ್ಣ ಸ್ಕ್ಯಾನ್ ಹಲವು ಸಲ ಮಾಡಿ ಕೂಡಿಸುವುದು ಜಾಣತನ.

ಆಮೇಲೆ ಹಿನ್ನೆಲೆ ಕಳೆಯಿರಿ. ಹೀರಿಕೆ, ಪೋಲರೈಸೇಶನ್, ಕಾಂಪ್ಟನ್ ತಿದ್ದುಪಡಿ ಮಾಡಿ, ಎಲ್ಲ ಸೇರಿಸಿ ರಚನಾಂಶ (ಜೋಡಣೆಯಿಂದ ಬಂದ ಸಿಗ್ನಲ್ ಮಾತ್ರ) ಪಡೆದು ಫೂರಿಯರ್ ಬದಲಾವಣೆ ಮಾಡಿ, ಆಗ ಯಾವ ದೂರದಲ್ಲಿ ಎಷ್ಟು ಪರಮಾಣು ಅನ್ನುವ ಗೆರೆ ಸಿಗುತ್ತದೆ. ಪಿಡಿಎಫ್‌ಗೆಟ್‌ಎಕ್ಸ್3 ಥರದ ಪ್ರೋಗ್ರಾಂ ಇದರ ಬಹುಪಾಲು ಮಾಡುತ್ತದೆ, ಆದರೆ ಸರಿ ಆಯಿತಾ ಅಂತ ನೋಡುವುದು ನಿಮ್ಮ ಕೆಲಸ. ಮೊದಲು 2 ಆಂಗ್‌ಸ್ಟ್ರಾಂಗಿಂತ ಕೆಳಗೆ ನೋಡಿ. ಅಲ್ಲಿ ಯಾವ ಪರಮಾಣುವೂ ಇರುವುದಕ್ಕೆ ಸಾಧ್ಯವಿಲ್ಲ. ಅಲ್ಲಿ ಗೆರೆ ಸಾಂದ್ರತೆಗೆ ತಕ್ಕ ಇಳಿಜಾರಿನಲ್ಲಿ ನೇರವಾಗಿ ಇಳಿಯಬೇಕು. ದೊಡ್ಡ ಅಲೆಗಳು ಎದ್ದರೆ ತಿದ್ದುಪಡಿಯಲ್ಲಿ ತಪ್ಪಿದೆ, ಮುಂದೆ ಹೋಗಬೇಡಿ.

ಸಾಂದ್ರತೆಯನ್ನು ಊಹಿಸಬೇಡಿ, ಆರ್ಕಿಮಿಡೀಸ್ ವಿಧಾನದಲ್ಲಿ ಅಳೆಯಿರಿ. ಉದಾಹರಣೆಗೆ ಒಂದು ಘನ ಸೆಂಟಿಮೀಟರಿಗೆ 7.0 ಗ್ರಾಂ ಬಂತು ಅಂದುಕೊಳ್ಳಿ. 80-20 ಸಂಯೋಜನೆಗೆ ಸರಾಸರಿ ಪರಮಾಣು ತೂಕ 50.87, ಹಾಗಾಗಿ ಒಂದು ಘನ ಆಂಗ್‌ಸ್ಟ್ರಾಂನಲ್ಲಿ 0.0829 ಪರಮಾಣು. ಐರನ್ ಫಾಸ್ಫೈಡ್ ಹರಳಿನಲ್ಲಿ ಈ ಅಂಕಿ 0.0865. ನಿಮ್ಮದು ಹರಳಿಗಿಂತ ಜಾಸ್ತಿ ಬಂದರೆ ತೂಕ ಮತ್ತೆ ಮಾಡಿ.

ಮೊದಲ ಪೀಕ್ ಅಡಿಯ ವಿಸ್ತೀರ್ಣದಿಂದ ಪಕ್ಕದವರ ಸಂಖ್ಯೆ ಸಿಗುತ್ತದೆ, ಒಟ್ಟು ಹನ್ನೆರಡು ಹದಿಮೂರರ ಸುತ್ತ ಇರಬೇಕು. ಎರಡನೇ ಪೀಕ್ ಎರಡಾಗಿ ಸೀಳಿರುತ್ತದೆ, ಒಂದು ಮೊದಲ ದೂರದ ಸುಮಾರು 1.67 ಪಟ್ಟಿನಲ್ಲಿ, ಇನ್ನೊಂದು 1.95 ಪಟ್ಟಿನ ಹತ್ತಿರ; 2.6 ಆಂಗ್‌ಸ್ಟ್ರಾಂಗೆ ಲೆಕ್ಕ ಹಾಕಿದರೆ 4.3 ಮತ್ತು 5.1. ಈ ಸೀಳು ಲೋಹದ ಗಾಜಿನ ಗುರುತು. ವಿಧಾನದಿಂದ ವಿಧಾನಕ್ಕೆ ವ್ಯತ್ಯಾಸ ಹುಡುಕುವಾಗ ಮೊದಲ ಪೀಕ್‌ಗಿಂತ ಇಲ್ಲೇ ಕಣ್ಣಿಡಿ. ಎರಡು ಭಾಗಗಳ ಎತ್ತರದ ಅನುಪಾತ, ಸೀಳಿನ ಆಳ, ಇವು ಮಧ್ಯಮ ದೂರದ ಜೋಡಣೆಯ ಸುಳಿವು ಕೊಡುತ್ತವೆ.

ನ್ಯೂಟ್ರಾನ್ ಇದ್ದರೆ ಎಲ್ಲ ಬಿಡಿಸಬಹುದಾ?

ಇಲ್ಲ, ಕಬ್ಬಿಣ-ರಂಜಕದಲ್ಲಿ ಆಗುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಪ್ರಸ್ತಾವನೆ ಬರೆಯುವಾಗ ಸುಮ್ನೆ "ಎಕ್ಸ್‌ರೇ ಮತ್ತು ನ್ಯೂಟ್ರಾನ್ ಎರಡನ್ನೂ ಸೇರಿಸಿ ಬಿಡಿಸುತ್ತೇವೆ" ಅಂತ ಬರೆದುಬಿಡುವುದು ಸುಲಭ. ಲೆಕ್ಕ ಹಾಕಿ ನೋಡಿ. 80-20 ಲೋಹದಲ್ಲಿ ಎಕ್ಸ್‌ರೇ ಸಿಗ್ನಲ್‌ನ ಶೇ. 76 ಕಬ್ಬಿಣ-ಕಬ್ಬಿಣದ್ದು, ಶೇ. 22 ಕಬ್ಬಿಣ-ರಂಜಕದ್ದು, ರಂಜಕ-ರಂಜಕದ್ದು ಒಂದೂವರೆ ಶೇಕಡ. ನ್ಯೂಟ್ರಾನ್‌ನಲ್ಲಿ ಕಬ್ಬಿಣದ ಚದುರಿಕೆ ಉದ್ದ (ನ್ಯೂಟ್ರಾನನ್ನು ಎಷ್ಟು ಬಲವಾಗಿ ಚದುರಿಸುತ್ತದೆ ಅನ್ನುವ ಅಳತೆ) 9.45 ಫೆಮ್ಟೋಮೀಟರ್, ರಂಜಕದ್ದು 5.13. ಅದರಿಂದ ಬರುವ ಪಾಲು ಶೇ. 77.5, 21, ಮತ್ತೆ ಒಂದೂವರೆ. ಎರಡೂ ಹೆಚ್ಚುಕಡಿಮೆ ಒಂದೇ ಚಿತ್ರ. ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಸಮಯ ಸಿಕ್ಕರೂ ಹೊಸ ಮಾಹಿತಿ ಸಿಗಬೇಕಾದರೆ ಕಬ್ಬಿಣದ ಐಸೋಟೋಪ್ ಬದಲಾಯಿಸಿದ ಸ್ಯಾಂಪಲ್ ಬೇಕು: ಕಬ್ಬಿಣ-57ರ ಚದುರಿಕೆ ಉದ್ದ 2.3, ಕಬ್ಬಿಣ-56ರದ್ದು 9.94. ಆ ಐಸೋಟೋಪ್‌ಗೆ ಹಣ ಹೊಂದಿಸುವುದು ಒಂದು ವಿದ್ಯಾರ್ಥಿ ಪ್ರಾಜೆಕ್ಟಿನ ಕೈಲಾಗದು.

ಹಂತ 7: ಎಕ್ಸಾಫ್ಸ್

ಎಕ್ಸಾಫ್ಸ್ ಅಂದರೆ ಅಂಚಿನಾಚೆ ಎಕ್ಸ್‌ರೇ ಹೀರಿಕೆಯಲ್ಲಿ ಏಳುವ ಸಣ್ಣ ಅಲೆಗಳಿಂದ ಪಕ್ಕದವರನ್ನು ಲೆಕ್ಕ ಹಾಕುವುದು. ಒಂದೇ ಜಾತಿಯ ಪರಮಾಣುವಿನ ಸುತ್ತ ನೋಡಬೇಕಾದರೆ ಇದೇ ಒಳ್ಳೇ ದಾರಿ. ಇಂದೋರಿನ ಆರ್‌ಆರ್‌ಕ್ಯಾಟ್‌ನಲ್ಲಿರುವ ಇಂಡಸ್-2 ಸಿಂಕ್ರೋಟ್ರಾನ್‌ನಲ್ಲಿ (ಬಲವಾದ ಎಕ್ಸ್‌ರೇ ಕೊಡುವ ಯಂತ್ರ) ಎಕ್ಸಾಫ್ಸ್ ಬೀಮ್‌ಲೈನ್‌ಗಳಿವೆ, ವಿಶ್ವವಿದ್ಯಾಲಯದವರು ಪ್ರಸ್ತಾವನೆ ಬರೆದು ಸಮಯ ಕೇಳಬಹುದು. ಕಬ್ಬಿಣದ ಅಂಚು 7112 ಎಲೆಕ್ಟ್ರಾನ್ ವೋಲ್ಟ್, ಅಳೆಯಲು ಸುಲಭ. ರಂಜಕದ ಅಂಚು 2145ರ ಹತ್ತಿರ, ಅಷ್ಟು ಕೆಳಗಿನ ಶಕ್ತಿಯ ಕಿರಣವನ್ನು ಗಾಳಿಯೇ ನುಂಗುತ್ತದೆ, ಅದಕ್ಕೆ ಬೇರೆ ಏರ್ಪಾಡೇ ಬೇಕು.

ಇಲ್ಲಿ ಎಲ್ಲರೂ ಎಡವುವುದು ದಪ್ಪದಲ್ಲಿ. ಕಿರಣ ತೂರಿಸಿ ಅಳೆಯುವಾಗ ಅಂಚಿನ ಜಿಗಿತ 1ರ ಹತ್ತಿರ ಇರಬೇಕು. ಈ ಲೋಹಕ್ಕೆ ಅದು ಸುಮಾರು 4.6 ಮೈಕ್ರಾನ್ ದಪ್ಪ. ನಿಮ್ಮ ರಿಬ್ಬನ್ 25 ಮೈಕ್ರಾನ್, ಜಿಗಿತ 5 ದಾಟುತ್ತದೆ. ಆಗ ಅಲೆಗಳ ಎತ್ತರ ಕುಗ್ಗಿ ಪಕ್ಕದವರ ಸಂಖ್ಯೆ ಸುಳ್ಳಾಗಿ ಕಡಿಮೆ ಕಾಣುತ್ತದೆ. ಐದು ಮೈಕ್ರಾನ್ ಪ್ಲೇಟಿಂಗ್ ಹಾಳೆಯನ್ನೂ 25 ಮೈಕ್ರಾನ್ ರಿಬ್ಬನ್ನನ್ನೂ ಹೋಲಿಸಿ "ಪ್ಲೇಟಿಂಗ್‌ನಲ್ಲಿ ಪಕ್ಕದವರು ಜಾಸ್ತಿ" ಅಂದರೆ ಅದು ದಪ್ಪದ ಮಾತು, ಜೋಡಣೆಯ ಮಾತಲ್ಲ. ರಿಬ್ಬನ್ನನ್ನು ಎಲೆಕ್ಟ್ರೋಪಾಲಿಶ್ ಮಾಡಿ ತೆಳು ಮಾಡಿ. ಅರೆಯಬೇಡಿ.

ಅಥೀನಾ, ಆರ್ಟೆಮಿಸ್ ಪ್ರೋಗ್ರಾಂಗಳಲ್ಲಿ ಐರನ್ ಫಾಸ್ಫೈಡ್ ಹರಳನ್ನು ಮಾದರಿಯಾಗಿ ಇಟ್ಟು ಹೊಂದಿಸಿ. ಆ ಹರಳಿನದ್ದೇ ಒಂದು ಸ್ಯಾಂಪಲನ್ನೂ ಅದೇ ದಿನ ಅಳೆದಿರಬೇಕು. ಒಂದು ಸರಳ ಪರೀಕ್ಷೆ: ರಂಜಕದ ಸುತ್ತ 9 ಕಬ್ಬಿಣ ಇದ್ದರೆ, 80-20 ಲೋಹದಲ್ಲಿ ಕಬ್ಬಿಣದ ಸುತ್ತ ರಂಜಕ 9 ಗುಣಿಸು 20 ಭಾಗಿಸು 80, ಅಂದರೆ 2.25 ಇರಲೇಬೇಕು. ನಿಮ್ಮ ಉತ್ತರ 4 ಬಂದರೆ ಹೊಂದಿಕೆ ಎಷ್ಟೇ ಚೆಂದ ಕಂಡರೂ ತಪ್ಪು.

ಹಂತ 8: ಮಾಸ್‌ಬೌರ್

ಕಬ್ಬಿಣ-57ರ ನ್ಯೂಕ್ಲಿಯಸ್ ಗಾಮಾ ಕಿರಣ ಹೀರುವುದನ್ನು ಅಳೆಯುವ ವಿಧಾನ ಇದು, ಕಬ್ಬಿಣದ ಕೆಲಸಕ್ಕೆ ಒಂದು ವರ. ಪ್ರಕೃತಿಯಲ್ಲಿ ಕಬ್ಬಿಣ-57 ಇರುವುದು ಶೇ. 2.1 ಮಾತ್ರ, ಅಷ್ಟೇ ಸಾಕು. ಇಂದೋರಿನ ಯುಜಿಸಿ-ಡಿಎಇ ಕೇಂದ್ರದಲ್ಲಿ ಈ ಸೌಲಭ್ಯ ಇದೆ, ಎಕ್ಸಾಫ್ಸ್‌ಗೆ ಹೋದಾಗಲೇ ಇದನ್ನೂ ಕೇಳಿಕೊಂಡರೆ ಒಂದೇ ಪ್ರಯಾಣದಲ್ಲಿ ಎರಡು ಕೆಲಸ. ಮಾಮೂಲಿ ಕಬ್ಬಿಣದ ಹರಳು ಆರು ಚೂಪು ಗೆರೆ ಕೊಡುತ್ತದೆ, ಒಳಗಿನ ಕಾಂತಕ್ಷೇತ್ರ 33 ಟೆಸ್ಲಾ. ಅಮಾರ್ಫಸ್ ಲೋಹದಲ್ಲಿ ಆರೂ ಗೆರೆ ಅಗಲ, ಸರಾಸರಿ ಕ್ಷೇತ್ರ ಕಡಿಮೆ. ಒಂದೊಂದು ಕಬ್ಬಿಣದ ಸುತ್ತ ರಂಜಕದ ಸಂಖ್ಯೆ ಬೇರೆ ಬೇರೆ ಇರುವುದರಿಂದ ಒಂದೇ ಅಂಕಿ ಸಿಗುವುದಿಲ್ಲ, ಒಂದು ಹಂಚಿಕೆ ಸಿಗುತ್ತದೆ. ಸ್ಯಾಂಪಲ್‌ಗಳ ನಡುವೆ ಹೋಲಿಸಬೇಕಾದದ್ದು ಆ ಹಂಚಿಕೆಯ ಅಗಲವನ್ನು. ಅಗಲ ಜಾಸ್ತಿ ಇದ್ದರೆ ರಂಜಕ ಸಮವಾಗಿ ಹರಡಿಲ್ಲ ಅನ್ನುವ ಸುಳಿವು. 33 ಟೆಸ್ಲಾದಲ್ಲಿ ಚೂಪಾದ ಗೆರೆ ಎದ್ದರೆ, ಎಕ್ಸ್‌ಆರ್‌ಡಿಯಲ್ಲಿ ಅಡಗಿದ್ದ ಕಬ್ಬಿಣದ ಹರಳು ಇಲ್ಲಿ ಸಿಕ್ಕಿಬಿತ್ತು ಅಂತ ಅರ್ಥ.

ಹಂತ 9: ಮಾದರಿ ಕಟ್ಟುವುದು

1988ರಲ್ಲಿ ಮೆಕ್‌ಗ್ರೀವಿ ಮತ್ತು ಪುಸ್ತೈ ಕೊಟ್ಟ ರಿವರ್ಸ್ ಮಾಂಟೆ ಕಾರ್ಲೋ ವಿಧಾನದಲ್ಲಿ ಕಂಪ್ಯೂಟರಿನೊಳಗೆ ಸಾವಿರಾರು ಪರಮಾಣು ಇಟ್ಟು, ಅಳತೆಗೆ ಹೊಂದುವವರೆಗೆ ಅಲುಗಿಸುತ್ತಾ ಹೋಗಬಹುದು. ಆದರೆ ಕಬ್ಬಿಣ-ರಂಜಕದಲ್ಲಿ ಮಾಹಿತಿಯೇ ಕಡಿಮೆ, ಹಾಗಾಗಿ ಒಂದಕ್ಕಿಂತ ಜಾಸ್ತಿ ಜೋಡಣೆಗಳು ಅದೇ ಗೆರೆಗೆ ಹೊಂದುತ್ತವೆ. ಎಕ್ಸ್‌ರೇ, ಎಕ್ಸಾಫ್ಸ್ ಎರಡನ್ನೂ ಒಟ್ಟಿಗೆ ಕೊಡಿ, ಅಳೆದ ಸಾಂದ್ರತೆ ಕೊಡಿ, ರಂಜಕ-ರಂಜಕ 3 ಆಂಗ್‌ಸ್ಟ್ರಾಂಗಿಂತ ಹತ್ತಿರ ಬರಬಾರದು ಅನ್ನುವ ಕಟ್ಟು ಹಾಕಿ. ಬೇರೆ ಬೇರೆ ಆರಂಭದಿಂದ ಕೆಲವು ಸಲ ಓಡಿಸಿ, ಎಲ್ಲದರಲ್ಲೂ ಉಳಿದು ಬಂದದ್ದನ್ನು ಮಾತ್ರ ನಂಬಿ.

ಹಂತ 10: ಹೋಲಿಸುವುದು

ಈಗ ಎಲ್ಲ ಸ್ಯಾಂಪಲ್‌ಗಳಿಗೂ ಒಂದೇ ಉಪಚಾರ ಮಾಡಿ. ಪ್ಲೇಟಿಂಗ್ ಸ್ಯಾಂಪಲ್‌ನಿಂದ ಹೈಡ್ರೋಜನ್ ತೆಗೆಯಲು ಬಿಸಿ ಮಾಡಿದರೆ ಅದರ ಪರಮಾಣುಗಳೂ ಸ್ವಲ್ಪ ಸರಿದು ಇನ್ನೂ ಒತ್ತಾಗಿ ಕೂರುತ್ತವೆ. ಹಾಗಾಗಿ ರಿಬ್ಬನ್ನನ್ನೂ ಅಷ್ಟೇ ಬಿಸಿಯಲ್ಲಿ ಅಷ್ಟೇ ಹೊತ್ತು ನಿರ್ವಾತದಲ್ಲಿ ಇಟ್ಟು ತೆಗೆಯಿರಿ. ಮಾಡಿದ ಹಾಗೇ ಇರುವ ಒಂದು ಜೋಡಿ, ಬಿಸಿ ಮಾಡಿದ ಒಂದು ಜೋಡಿ, ಎರಡನ್ನೂ ಅಳೆಯಿರಿ. ಬಿಸಿ ಮಾಡುವ ಮುಂಚೆ ಇದ್ದ ವ್ಯತ್ಯಾಸ ಆಮೇಲೆ ಮಾಯವಾದರೆ ಅದು ಖಾಲಿ ಜಾಗದ, ಹೈಡ್ರೋಜನ್‌ನ ವ್ಯತ್ಯಾಸ. ಆಮೇಲೂ ಉಳಿದರೆ ಸಂಯೋಜನೆಯ ಏರಿಳಿತವನ್ನು ಹುಡುಕಿ. ಅದಕ್ಕೆ ಸಣ್ಣ ಕೋನದ ಎಕ್ಸ್‌ರೇ ಚದುರಿಕೆ ಸಹಾಯ ಮಾಡುತ್ತದೆ, ಸ್ಪಟರ್ ಮಾಡಿದ ಸ್ಯಾಂಪಲ್‌ನ ಕಂಬಗಳೂ ಅಲ್ಲೇ ಕಾಣುತ್ತವೆ. ನನ್ನ ಕೇಳಿದರೆ ಈ ಬಿಸಿಗೆ ಮುಂಚೆ-ಆಮೇಲೆ ಹೋಲಿಕೆಯೇ ಇಡೀ ಪ್ರಾಜೆಕ್ಟಿನ ಬೆಲೆಬಾಳುವ ಭಾಗ. ಒಂದೇ ಒಂದು ಅಳತೆಗೆ ಹಣ ಇದ್ದರೆ ಇದಕ್ಕೇ ಖರ್ಚು ಮಾಡಿ.

ಫಲಿತಾಂಶದ ಪಟ್ಟಿಯಲ್ಲಿ ಸ್ಯಾಂಪಲ್ ಹೆಸರಿನ ಪಕ್ಕ ವಿಧಾನ, ಅಳೆದ ರಂಜಕ, ಸಾಂದ್ರತೆ, ದಪ್ಪ, ಮಾಡಿದ ದಿನ, ಅಳೆದ ದಿನ ಇಷ್ಟನ್ನೂ ಬರೆಯಿರಿ. ಕೊನೆಯ ಎರಡು ಯಾಕೆ ಅಂದರೆ, ಪ್ಲೇಟಿಂಗ್ ಹಾಳೆಯಿಂದ ಹೈಡ್ರೋಜನ್ ರೂಮಿನ ಬಿಸಿಯಲ್ಲೇ ನಿಧಾನವಾಗಿ ಸೋರುತ್ತಿರುತ್ತದೆ, ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕೋಣೆಯಲ್ಲಿ ಇನ್ನೂ ಬೇಗ. ಮಳೆಗಾಲದಲ್ಲಿ ಹಾಳೆಯ ಮೈ ತುಕ್ಕು ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಡೆಸಿಕೇಟರ್‌ನಲ್ಲಿ ಇಡಿ, ಹಾಳೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ಪ್ರತಿ ಬ್ಯಾಚ್‌ನಿಂದ ಒಂದು ತುಂಡನ್ನು ಮುಟ್ಟದೆ ಎತ್ತಿಡಿ. ಇಂದೋರಿನಿಂದ ಡೇಟಾ ಬಂದ ಮೇಲೆ ಏನಾದರೂ ಅನುಮಾನ ಬಂದರೆ ಮತ್ತೆ ಅಳೆಯಲು ಆ ತುಂಡು ಬೇಕಾಗುತ್ತದೆ.